ಗೂಡು ಬೇಯಿಸಿದ ನೀರು

ಗೋಡೆಗೆ ನೀರು ಹೊಡೆಯುವುದು ನಮ್ಮ ಕೆಲಸದಲ್ಲಿ ತಪ್ಪಲ್ಲ. ಸಿನಿಮಾದಲ್ಲಿ ನೀವು ನೋಡುವ ಹಳೇ ಗೋಡೆ, ಹಳೇ ಬೀದಿ, ಕಲ್ಲು ಚಪ್ಪಡಿ, ಎಲ್ಲಕ್ಕೂ ಶಾಟ್ ತೆಗೆಯುವ ಐದು ನಿಮಿಷ ಮುಂಚೆ ಯಾರಾದರೊಬ್ಬ ನೀರು ಚಿಮುಕಿಸಿರುತ್ತಾನೆ. ಒಣ ಗೋಡೆ ಕ್ಯಾಮೆರಾದಲ್ಲಿ ಬೂದಿ ಬಳಿದ ಹಾಗೆ ಕಾಣುತ್ತೆ. ಒದ್ದೆಯಾದರೆ ಬಣ್ಣ ಎದ್ದು ಬರುತ್ತೆ. ಇಪ್ಪತ್ತು ವರ್ಷದಿಂದ ಕಲಾ ವಿಭಾಗದಲ್ಲಿ ಆ ಯಾರಾದರೊಬ್ಬ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಗತಿ ಕೇಳಿದವರೆಲ್ಲ ಕೊನೆಗೆ ಒಂದೇ ಮಾತು ಕೇಳುತ್ತಾರೆ, ಅಷ್ಟೂ ತಿಳಿಯಲಿಲ್ವಾ ನಿಮಗೆ ಅಂತ. ತಿಳಿದದ್ದೇ ಹೆಚ್ಚಾಗಿತ್ತು ಸ್ವಾಮಿ, ಅದೇ ತೊಂದರೆಯಾದದ್ದು.

ಆ ಸಿನಿಮಾ ಬಣ್ಣದಯ್ಯ ಅನ್ನುವ ಚಿತ್ರಗಾರನದು. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ ಸುತ್ತಿಕೊಂಡು ಹೋಟೆಲಿನ ಬೋರ್ಡು, ಸಾರಾಯಿ ಅಂಗಡಿ ಗೋಡೆ, ಲಾರಿಯ ಹಿಂಬದಿ, ಸಿಕ್ಕಿದ್ದರ ಮೇಲೆಲ್ಲ ಬರೆದು, ಕೂಲಿ ಬದಲು ಊಟ ಹಾಕಿಸಿಕೊಳ್ಳುತ್ತಿದ್ದನಂತೆ. ಯಾರ ಹತ್ತಿರವೂ ಕಲಿತವನಲ್ಲ. ಅವನು ಬರೆದ ಹಸು ನಿಮ್ಮನ್ನೇ ನೋಡುತ್ತೆ, ತಟ್ಟೆಯಲ್ಲಿರುವ ಮೀನು ನಿಮ್ಮನ್ನೇ ನೋಡುತ್ತೆ, ಪಂಕ್ತಿಯಲ್ಲಿ ಉಣ್ಣುತ್ತಾ ಕೂತವರು ಮುದ್ದೆ ಬಿಟ್ಟು ನಿಮ್ಮನ್ನೇ ನೋಡುತ್ತಾರೆ. ಸತ್ತದ್ದೆಲ್ಲಿ, ಮಣ್ಣು ಮಾಡಿದವರು ಯಾರು, ಒಂದೂ ಪತ್ತೆಯಿಲ್ಲ.

ನಿರ್ದೇಶಕರು ಬೆಂಗಳೂರಿನವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಹಟದಲ್ಲಿ ಮಾತ್ರ ದೊಡ್ಡವರು. ಕಥೆ ಎಲ್ಲಿ ಸಾರ್ ಅಂದರೆ, "ಕಥೆ ಬೇಡ ಮಾಸ್ಟ್ರೇ, ಅವನ ಚಿತ್ರ ಹೇಗಿದೆಯೋ ಸಿನಿಮಾನೂ ಹಾಗೇ ಇರ್ಬೇಕು" ಅನ್ನುತ್ತಿದ್ದರು. ಕ್ಯಾಮೆರಾ ಅಲ್ಲಾಡುವಂತಿಲ್ಲ. ಜನ ಎದುರಿಗೆ ಕೂತು ನೇರ ನೋಡಬೇಕು. ಮಾತು ಎಣಿಸಿದಷ್ಟು. ಬಣ್ಣದಯ್ಯನ ಪಾತ್ರಕ್ಕೆ ರಿಟೈರಾದ ಬಸ್ ಕಂಡಕ್ಟರೊಬ್ಬರನ್ನು ಹಿಡಿದು ತಂದಿದ್ದರು. ಆ ಮನುಷ್ಯ ಸುಮ್ಮನೆ ನಿಲ್ಲುವುದರಲ್ಲಿ ಗಟ್ಟಿಗ.

ನನ್ನ ಕೆಲಸ ಬಣ್ಣದಯ್ಯನ ಚಿತ್ರಗಳನ್ನೆಲ್ಲ ಹಾಗೇ ನಕಲು ಮಾಡಿ ಕೊಡುವುದು. ಹತ್ತೊಂಬತ್ತು ನಕಲು ಮಾಡಿದೆ. ಆ ಹತ್ತೊಂಬತ್ತರ ಅಸಲುಗಳೆಲ್ಲ ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದವು. ನಾನೂ ಮೊದಲು ರಾಮನಗರದಲ್ಲಿ ಬೋರ್ಡು ಬರೆಯುತ್ತಿದ್ದವನೇ, ಹಾಗಾಗಿ ಆರು ತಿಂಗಳಲ್ಲಿ ಅವನ ಕೈ ನನ್ನ ಕೈಗೆ ಹತ್ತಿತು. ಬ್ರಷ್ ಎಲ್ಲಿ ಒತ್ತುತ್ತಾನೆ, ಎಲ್ಲಿ ಎತ್ತುತ್ತಾನೆ ಅನ್ನುವುದು ಕಣ್ಣು ಮುಚ್ಚಿಕೊಂಡರೂ ಬರುತ್ತಿತ್ತು. ಒಂದು ಕಣ್ಣನ್ನು ಅವನು ಮೂರೇ ಸಲಕ್ಕೆ ಮುಗಿಸುತ್ತಿದ್ದ: ಮೇಲೊಂದು ಗೀಟು, ಕೆಳಗೊಂದು ಗೀಟು, ನಡುವೆ ಒಂದು ಬೊಟ್ಟು. ಬಣ್ಣದಯ್ಯನನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ ಅಂತ ಯೂನಿಟ್ಟಿನಲ್ಲಿ ಎಲ್ಲರೆದುರಿಗೂ ಹೇಳಿಕೊಂಡು ತಿರುಗಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಗೋಡೆಯ ಮೇಲೆ ಅವನು ಬರೆದದ್ದರಲ್ಲಿ ಉಳಿದಿದ್ದು ಒಂದೇ. ಕನಕಪುರದಿಂದ ದೊಡ್ಡಆಲಹಳ್ಳಿ ದಾರಿಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಒಂದು ಸಣ್ಣ ಊರು. ಅಲ್ಲಿ ಒಂದು ರೈತರ ಮನೆ, ಅದರ ಹಿಂದೆ ರೇಷ್ಮೆ ಹುಳ ಸಾಕುವ ಮನೆ. ಮಣ್ಣಿನ ಗೋಡೆ, ಹೆಂಚಿನ ಮಾಡು, ಮೂಡಲ ಕಡೆ ಎತ್ತರದಲ್ಲಿ ಸಾಲಾಗಿ ಗವಾಕ್ಷಿ. ಅದರ ಎದುರಿಗಿನ ಗೋಡೆಯ ಮೇಲೆ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾಳೆ. ಮಡಿಲಲ್ಲಿ ರೇಷ್ಮೆ ಗೂಡು ತುಂಬಿದ ಮೊರ. ಒಂದು ಮಗ್ಗುಲಿಗೆ ಹಿಪ್ಪುನೇರಳೆ ಗಿಡ, ಇನ್ನೊಂದು ಮಗ್ಗುಲಿಗೆ ಕರು. ಅರಿಶಿನ ಬಣ್ಣದ ಸೀರೆ, ಸೆರಗಿನ ಅಂಚಿಗೆ ಕೆಂಪು ಚುಕ್ಕಿಯ ಸಾಲು. ನೀವು ಬಾಗಿಲಲ್ಲಿ ನಿಂತರೂ ಮೂಲೆಯಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತಾಳೆ.

ಆ ಹೆಂಗಸು ಮನೆಯ ಯಜಮಾನಿಯ ತಾಯಿ. ಯಜಮಾನಿಗೆ ಈಗ ಎಪ್ಪತ್ತರ ಹತ್ತಿರ. ಒಬ್ಬಳೇ ಮಗಳಾದ್ದರಿಂದ ಹುಟ್ಟಿದ ಮನೆಯಲ್ಲೇ ಉಳಿದವರು. ಮನೆ ಅಳಿಯನಾಗಿ ಬಂದಿದ್ದ ಗಂಡ ತೀರಿಕೊಂಡಿದ್ದಾರೆ. ಜಾಗ ನೋಡಲು ಹೋದ ಮೊದಲ ದಿನ ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಹಾಕಿದ್ದ ಪ್ಲಾಸ್ಟಿಕ್ ಪರದೆ ಸರಿಸಿ ಹೇಳಿದರು:

"ಇದ್ನ ಬರ್ದ ವರ್ಸ್ವೇ ನಮ್ಮವ್ವ ತೀರ್ಕೊಂಡ್ಲು. ನಂಗೆ ಆಗ ಆರೋ ಏಳೋ. ಪೋಟ ಗೀಟ ಒಂದೂ ಇಲ್ಲ. ಅವ್ವ ಅಂದ್ರೆ ನಂಗೆ ಈ ಗ್ವಾಡೇನೆ."

ಒಂದು ಬೆಳೆ ಹುಳ ಮುಗಿದು ಇನ್ನೊಂದು ಬೆಳೆ ಬರುವ ನಡುವೆ ಹುಳದ ಮನೆಯನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಸುಣ್ಣ ಹೊಡೆಯಬೇಕು, ಇಲ್ಲದಿದ್ದರೆ ಹಳೇ ರೋಗ ಹೊಸ ಹುಳಕ್ಕೆ ಅಂಟುತ್ತೆ. ಆ ಮನೆಯಲ್ಲಿ ಅಷ್ಟು ವರ್ಷದಿಂದ ಮೂರೇ ಗೋಡೆಗೆ ಸುಣ್ಣ. ನಾಲ್ಕನೆಯದಕ್ಕೆ ಪರದೆ ಇಳಿಬಿಟ್ಟು ಯಜಮಾನಿ ತಾವೇ ಒಣ ಬಟ್ಟೆಯಲ್ಲಿ ಒರೆಸುತ್ತಾರೆ. ಬೇರೆ ಯಾರೂ ಕೈ ಹಚ್ಚುವ ಹಾಗಿಲ್ಲ.

ಅವರ ಮಗ ಬೇಸಾಯ ನೋಡಿಕೊಳ್ಳುವವರು. ಅವರಿಗೆ ಚಿತ್ರಕ್ಕಿಂತ ಹುಳದ ಚಿಂತೆ. "ಸೋಮವಾರ ಬೆಳಗ್ಗೆ ಚಾಕಿ ಬತ್ತದೆ ಸಾರ್," ಅಂದರು. ಚಾಕಿ ಅಂದರೆ ಎರಡು ಸಲ ಪೊರೆ ಬಿಟ್ಟ ಮರಿ ಹುಳ. ಅದನ್ನು ಮೊದಲೇ ಹೇಳಿಟ್ಟು ತರಿಸುತ್ತಾರೆ, ದಿನ ಮುಂದಕ್ಕೆ ಹಾಕುವುದಕ್ಕಾಗಲ್ಲ. "ಭಾನುವಾರ ಸಂಜೆಗೆ ಖಾಲಿ ಮಾಡ್ಕೊಟ್ಬುಡಿ. ಇನ್ನೊಂದ್ ವಿಷ್ಯ. ಒಳೀಕೆ ಊದಿನಕಡ್ಡಿ, ಬೀಡಿ, ಸೆಂಟು, ಟರ್ಪಂಟೈನು, ಯಾವ್ದೂ ತರಂಗಿಲ್ಲ. ವಾಸ್ನೆ ಉಳ್ಕೊಂಡ್ರೆ ಹುಳ ಒಂದೂ ಉಳಿಯಾಕಿಲ್ಲ."

ಬುಧವಾರ ಶುರು ಮಾಡಿದೆವು. ಗುರುವಾರ ಬೆಳಗ್ಗೆ ಯಜಮಾನಿ ಕನಕಪುರದ ಮಗಳ ಮನೆಗೆ ಹೊರಟರು. ಭಾನುವಾರ ಅಲ್ಲಿ ಮರಿಮಗುವಿನ ನಾಮಕರಣ. ಬಸ್ಸಿಗೆ ಹೋಗುವ ಮುಂಚೆ ಹುಳದ ಮನೆ ಬೀಗದ ಕೈ ನನ್ನ ಕೈಗೆ ಕೊಟ್ಟು, "ನೀವೂ ಬಣ್ಣದವ್ರೇ ಅಲ್ವ, ನಿಮ್ಗೆ ಗೊತ್ತಾಯ್ತದೆ. ಗ್ವಾಡೆ ಮಾತ್ರ ಮುಟ್ಬ್ಯಾಡಿ," ಅಂದರು. ನಿರ್ದೇಶಕರಿಗಲ್ಲ, ಮ್ಯಾನೇಜರಿಗಲ್ಲ, ನನಗೇ ಕೊಟ್ಟರಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ.

ಶಾಟ್ ಇಷ್ಟೇ. ಸಿನಿಮಾದ ಕೊನೆಯ ದೃಶ್ಯ. ಕಂಡಕ್ಟರು ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ, ಗವಾಕ್ಷಿಯ ಬಿಸಿಲು ಮಾಡಿನಿಂದ ಇಳಿಯುತ್ತಾ ಇಳಿಯುತ್ತಾ ಆ ಹೆಂಗಸಿನ ಮುಖಕ್ಕೆ ಬರುತ್ತೆ, ಕಂಡಕ್ಟರು ಪಕ್ಕಕ್ಕೆ ಸರಿದು ಹೋಗುತ್ತಾರೆ, ಅವಳೊಬ್ಬಳೇ ಉಳಿಯುತ್ತಾಳೆ. ಹೇಳುವುದಕ್ಕೆ ಸುಲಭ. ಬಿಸಿಲು ಗವಾಕ್ಷಿಯಲ್ಲಿ ಇಳಿಯುವುದು ಒಂಬತ್ತಕ್ಕೆ, ಮುಖ ದಾಟುವುದು ಹತ್ತೂಕಾಲಿಗೆ. ದಿನಕ್ಕೆ ಒಂದೇ ಅವಕಾಶ.

ಬುಧವಾರ ಮೋಡ. ಹತ್ತೂವರೆಗೆ ಬಿಸಿಲು ಬಂತು, ಬಂದು ಏನು ಮಾಡುವುದು. ಗುರುವಾರ ಬಿಸಿಲು ಚೆನ್ನಾಗಿತ್ತು, ಗೋಡೆ ಕೈಕೊಟ್ಟಿತು. ಅದರ ಮೇಲೆ ತೆಳ್ಳಗೆ ಒಂದು ಹೊಳಪಿತ್ತು. ಬರಿಗಣ್ಣಿಗೆ ಅಂದವಾಗಿ ಕಾಣುವ ಆ ಹೊಳಪು ಮಾನಿಟರಿನಲ್ಲಿ ಬಿಳಿ ಕಲೆಯಾಗಿ ಕೂತು, ಉಳಿದ ಬಣ್ಣವೆಲ್ಲ ಪೇಲವ. ಕ್ಯಾಮೆರಾಮನ್ ಎರಡು ಲೈಟು ಸೇರಿಸಿದರು, ತೆಗೆದರು, ಕೋನ ಬದಲಿಸಿದರು. ನಿರ್ದೇಶಕರು ಉಗುರು ಕಚ್ಚುತ್ತಾ ನನ್ನ ಕಡೆ ತಿರುಗಿ, "ಮಾಸ್ಟ್ರೇ, ಏನಾದ್ರೂ ಮಾಡಿ. ನಾಳೆ ಆಗ್ಲಿಲ್ಲ ಅಂದ್ರೆ ಉಳಿಯೋದು ಎರಡೇ ದಿನ," ಅಂದರು.

"ಒಸಿ ನೀರು ಹೊಡೆದರೆ ಸರಿಹೋಗುತ್ತೆ ಸಾರ್," ಅಂದೆ.

"ಗೋಡೆ ಮುಟ್ಟಬೇಡಿ ಅಂದಿದ್ದಾರಲ್ಲ ಅವರು."

"ಮುಟ್ಟುವವರು ಯಾರು? ಮಂಜಿನ ಹಾಗೆ ಚಿಮುಕಿಸೋದು. ಎನಾಮಲ್ಲಿಗೆ ನೀರು ಏನು ಮಾಡುತ್ತೆ? ಹೊಳಪು ನೋಡಿ, ಗೊತ್ತಾಗಲ್ವಾ?"

ಇದು ನನ್ನದೇ ಮಾತು, ಅಕ್ಷರ ಬಿಡದೆ ನೆನಪಿದೆ. ಹಳೇ ಗೋಡೆಯಾದರೆ ಮೊದಲು ಒಂದು ಮೂಲೆಯಲ್ಲಿ ಒಂದು ತೊಟ್ಟು ನೀರಿಟ್ಟು, ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತದೋ ನೋಡಬೇಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ನಾನೇ ಹೇಳಿಕೊಡುವ ಪಾಠ. ಹತ್ತೊಂಬತ್ತು ಚಿತ್ರ ಎನಾಮಲ್ಲಿನಲ್ಲಿ ಬರೆದವನು ಇಪ್ಪತ್ತನೆಯದನ್ನೂ ಹಾಗೇ ಬರೆದಿರುತ್ತಾನೆ ಅಂದುಕೊಂಡು ಆ ತೊಟ್ಟು ನೀರು ಇಡಲಿಲ್ಲ.

ಶುಕ್ರವಾರ ಒಂಬತ್ತೂಮುಕ್ಕಾಲು. ಬಿಸಿಲು ಅವಳ ತಲೆಗಿಂತ ಒಂದು ಗೇಣು ಮೇಲಿತ್ತು. ಸ್ಪ್ರೇಯರ್ ಹೊರಗೆ ಬಿಸಿಲಲ್ಲಿಟ್ಟಿದ್ದರಿಂದ ನೀರು ಬೆಚ್ಚಗಾಗಿತ್ತು, ಲೈಟಿನ ಕಾವಿಗೆ ಗೋಡೆಯೂ ಬೆಚ್ಚಗಿತ್ತು. ಮೇಲಿನಿಂದ ಶುರು ಮಾಡಿದೆ: ತಲೆ, ಹಣೆ, ಮುಖ. ಬಣ್ಣ ಎದ್ದು ಬಂತು. ಮಾನಿಟರ್ ಹತ್ತಿರದಿಂದ ನಿರ್ದೇಶಕರು, "ಆಹಾ, ಅದೇ, ಅದೇ," ಅಂದರು.

ಆಗ ವಾಸನೆ ಬಂತು.

ರಾಮನಗರದಲ್ಲಿ ಹುಟ್ಟಿ ಬೆಳೆದವರಿಗೆ ಆ ವಾಸನೆಯ ಗುರುತು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆ ಗೂಡನ್ನು ಕುದಿಯುವ ನೀರಲ್ಲಿ ಹಾಕಿ ನೂಲು ಬಿಚ್ಚುತ್ತಾರಲ್ಲ, ಆ ನೀರಿನ ನಾತ. ನೂಲಿನ ಅಂಟು, ಬೆಂದ ಹುಳ ಎರಡೂ ಕರಗಿ ನೀರು ಗಂಜಿಯ ಹಾಗಾಗಿರುತ್ತೆ. ಬಟ್ಟೆಗೆ ತಾಗಿ ಒಣಗಿದರೆ ಗಟ್ಟಿಯಾಗಿ ಹೊಳೆಯುತ್ತೆ. ಹುಳವೇ ಇಲ್ಲದ, ತೊಳೆದಿಟ್ಟ ಮನೆಯಲ್ಲಿ ಆ ನಾತ ಎಲ್ಲಿಂದ ಬಂತು ಅಂತ ಒಂದು ಕ್ಷಣ ಸುತ್ತ ನೋಡಿದೆ. ಆಮೇಲೆ ನನ್ನ ಎದುರಿಗಿದ್ದ ಗೋಡೆ ನೋಡಿದೆ. ಬಣ್ಣದಯ್ಯ ಈ ಬಣ್ಣ ಕಲೆಸಿದ್ದು ಎಣ್ಣೆಯಲ್ಲಲ್ಲ. ಗೂಡು ಬೇಯಿಸಿದ ನೀರಲ್ಲಿ.

ಕೈ ನಿಲ್ಲಿಸುವ ಹೊತ್ತಿಗೆ ಮುಖದ ಒಂದು ಮಗ್ಗುಲು ಲೋಳೆಯಾಗಿತ್ತು. ಕಣ್ಣಿನ ಮೇಲಿನ ಗೀಟು ಜಾರಿ ಕೆಳಗಿನ ಗೀಟಿಗೆ ಸೇರಿತು, ಬೊಟ್ಟು ಕರಗಿ ಕೆನ್ನೆಗೆ ಇಳಿಯಿತು, ಕೆನ್ನೆಯ ಬಣ್ಣ ಅದನ್ನೂ ಕರೆದುಕೊಂಡು ಕತ್ತಿಗೆ ಬಂತು. ಬಟ್ಟೆ ಒತ್ತೋಣ ಅಂದರೆ ಇರುವುದೂ ಅಂಟಿಕೊಂಡು ಬರುತ್ತೆ. "ಲೈಟ್ ಆಫ್ ಮಾಡಿ" ಅಂತ ಕೂಗಿದೆ. ಬಾಗಿಲು, ಗವಾಕ್ಷಿ ಎಲ್ಲ ತೆರೆಸಿ, ರಟ್ಟಿನಿಂದ ಗಾಳಿ ಬೀಸುತ್ತಾ ನಿಂತೆ. ಸೆರಗು, ಮೊರ, ಕರು, ಗಿಡ ಉಳಿದವು. ಒಂದು ಕಣ್ಣು, ಅರ್ಧ ಕೆನ್ನೆ ಹೋದವು. ಬಿಸಿಲು ಸರಿಯಾಗಿ ಹತ್ತಕ್ಕೆ ಅಲ್ಲಿಗೆ ಬಂತು.

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಕಂಡಕ್ಟರು ಸದ್ದಿಲ್ಲದೆ ಹೊರಗೆ ಹೋಗಿ ತೊಟ್ಟಿ ಕಟ್ಟೆಯ ಮೇಲೆ ಕೂತರು. ನಿರ್ದೇಶಕರು ಗೋಡೆ ನೋಡಿ, ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ನೀವು ಈ ಗೋಡೆಯ ನಕಲು ಮಾಡಿದೀರಲ್ಲ, ಅದೆಲ್ಲಿ?"

ಜಾಗ ನೋಡಲು ಬಂದಾಗಲೇ ಅಳತೆ ತೆಗೆದುಕೊಂಡು ಹೋಗಿ, ಹತ್ತಿರದ ಶಾಟುಗಳಿಗೆ ಅಂತ ಪ್ಲೈವುಡ್ಡಿಗೆ ಮಣ್ಣು ಮೆತ್ತಿ ಇದನ್ನೂ ಬರೆದಿದ್ದೆ. "ಟೆಂಪೋದಲ್ಲಿದೆ ಸಾರ್."

"ಮತ್ತೇನು? ಎರಡು ದಿನ ಇದೆ. ಕೂತು ತಿದ್ದಿ. ಬಣ್ಣದಯ್ಯನ ಕಣ್ಣು ನಿಮ್ಮ ಕೈಗೆ ಬರಲ್ವಾ? ಭಾನುವಾರ ಬೆಳಗ್ಗೆ ಶಾಟ್ ತೆಗೀತೀವಿ, ಸಂಜೆ ಬೀಗ ಕೊಟ್ಟು ಹೋಗ್ತೀವಿ."

"ಅವರಿಗೆ ಹೇಳಬೇಕಲ್ಲ ಸಾರ್."

"ಹೇಳಿ ಏನು ಮಾಡ್ತೀರಿ?" ಅವರ ಧ್ವನಿ ಏರಲಿಲ್ಲ. "ಹೇಳಿದ್ರೆ ಆ ಅಮ್ಮನಿಗೆ ತಾಯಿ ಇಲ್ಲ. ಹೇಳದೇ ಇದ್ರೆ ಇದ್ದಾಳೆ. ನೀವೇ ಯೋಚನೆ ಮಾಡಿ, ಯಾವುದು ಪಾಪ?"

ನಿಜ ಹೇಳಬೇಕೆಂದರೆ, ಆ ಮಾತು ಕೇಳಿ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯಿತು. ನನ್ನ ತಪ್ಪು ಮುಚ್ಚಿಕೊಳ್ಳುವುದು ಆ ತಾಯಿಗೆ ಮಾಡುವ ಉಪಕಾರವೇ ಆಗುತ್ತದಲ್ಲ ಅಂತ ಖುಷಿಯಾಯಿತು.

ಎನಾಮಲ್ಲಿನಲ್ಲಿ ತಿದ್ದುವ ಹಾಗಿಲ್ಲ. ಅದಕ್ಕೆ ಟರ್ಪಂಟೈನು ಬೇಕು, ವಾಸನೆ ನಿಂತರೆ ಸೋಮವಾರ ಬರುವ ಹುಳವೂ ಹೋಗುತ್ತೆ. ಬಣ್ಣದಯ್ಯನ ದಾರಿ ಒಂದೇ ಉಳಿದದ್ದು. ಅವತ್ತೇ ರಾಮನಗರಕ್ಕೆ ಹೋಗಿ, ನನ್ನ ಮನೆ ಹಿಂದಿನ ಬೀದಿಯ ನೂಲು ಬಿಚ್ಚುವ ಶೆಡ್ಡಿನಿಂದ ಒಂದು ಕ್ಯಾನ್ ನೀರು ತಂದೆ. ಶೆಡ್ಡಿನ ಯಜಮಾನ ನನ್ನ ಜೊತೆ ಓದಿದವನು. "ಏನ್ಲಾ, ಚೆಲ್ಲೋ ನೀರ್ಗೂ ಗಿರಾಕಿ ಆಗ್ಬುಟ್ಟಾ?" ಅಂದ. ನಗು ಬರಲಿಲ್ಲ.

ಶನಿವಾರ ಬೆಳಗ್ಗೆ ಆ ನೀರನ್ನು ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ ಇಳಿಸಿ, ಬಟ್ಟೆಯಲ್ಲಿ ಸೋಸಿದೆ. ದೀಪದ ಮಸಿ, ಕೆಮ್ಮಣ್ಣು, ಸುಣ್ಣ ಬೇರೆ ಬೇರೆ ಚಿಪ್ಪಿನಲ್ಲಿ ಕಲೆಸಿ ಮೊದಲು ಪ್ಲೈವುಡ್ಡಿನ ಮೂಲೆಯಲ್ಲಿ ಬರೆದು ನೋಡಿದೆ. ಗೂಡಿನ ನೀರು ತೆಳುವಾದರೆ ಬಣ್ಣ ಹಿಡಿಯಲ್ಲ, ಮಂದವಾದರೆ ಒಣಗಿದ ಮೇಲೆ ಬಿರಿಯುತ್ತೆ. ನಾಲ್ಕನೇ ಸಲಕ್ಕೆ ಹದ ಸಿಕ್ಕಿತು. ಒಣಗಿದಾಗ ಅದೇ ಹೊಳಪು. ಗೋಡೆಯ ಪಕ್ಕ ಹಿಡಿದರೆ ಯಾವುದು ಅವತ್ತಿನದು, ಯಾವುದು ಇವತ್ತಿನದು ಅಂತ ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆ ಒಣಗಿತ್ತು. ಮುಖದ ಮುಂದೆ ಸ್ಟೂಲು ಹಾಕಿ ಕೂತು, ಬ್ರಷ್ ಅದ್ದಿ, ಕೈ ಅಲುಗದಿರಲಿ ಅಂತ ಎಡಗೈ ಮುಷ್ಟಿಯನ್ನು ಸೆರಗಿನ ಹತ್ತಿರ ಗೋಡೆಗೆ ಊರಲು ಹೋದೆ. ಊರುವ ಜಾಗ ನೋಡಿಕೊಳ್ಳಲು ಬಗ್ಗಿದಾಗ ಸೆರಗಿನ ಚುಕ್ಕಿಗಳು ಒಂದು ಗೇಣು ದೂರದಲ್ಲಿದ್ದವು. ಶುಕ್ರವಾರದ ನೀರಿನ ಹನಿ ಅಲ್ಲಿಗೂ ಹಾರಿ, ಮೇಲಿನ ಧೂಳು ಹೋಗಿತ್ತು. ಚುಕ್ಕಿಯೊಳಗೆ ಗೆರೆಗಳಿದ್ದವು. ಸುತ್ತು ಸುತ್ತಾದ, ಎಳೆಯಷ್ಟು ಸಣ್ಣ ಗೆರೆಗಳು.

ಬೆರಳ ಗುರುತು. ನನ್ನ ಕಿರುಬೆರಳು ಪಕ್ಕದಲ್ಲಿಟ್ಟು ನೋಡಿದೆ. ಅದರ ಅರ್ಧವೂ ಇಲ್ಲ. ಯಾವುದೋ ಮಗುವಿನ ಬೆರಳು.

ನಕಲು ಮಾಡುವಾಗ ಆ ಚುಕ್ಕಿಗಳನ್ನು ನಾನು ಬ್ರಷ್ಷಿನ ಹಿಡಿಯ ತುದಿಯಿಂದ ಇಟ್ಟಿದ್ದೆ. ಬಣ್ಣದಯ್ಯ ಬೇಕೆಂದೇ ಸಾಲು ಸೊಟ್ಟ ಮಾಡಿದ್ದಾನೆ, ಅದೇ ಅವನ ಶೈಲಿ ಅಂತ ನಿರ್ದೇಶಕರಿಗೆ ವಿವರಣೆ ಬೇರೆ ಕೊಟ್ಟಿದ್ದೆ. ಈಗ ಎಣಿಸಿದೆ, ಮೂವತ್ತೊಂದು ಚುಕ್ಕಿ. ಆರು ವರ್ಷದ ಒಂದು ಮಗು ತನ್ನ ಅವ್ವನ ಸೆರಗಿಗೆ ಒಂದೊಂದಾಗಿ ಇಟ್ಟದ್ದು. ಆ ಮಗು ಈಗ ಕನಕಪುರದಲ್ಲಿ ಮರಿಮಗುವಿನ ನಾಮಕರಣದ ಕೆಲಸದಲ್ಲಿದ್ದಾರೆ. ನಾನಿಲ್ಲಿ ಅವರ ಅವ್ವನಿಗೆ ನನ್ನ ಕಣ್ಣಿಟ್ಟು, ದಿನಾ ಬೆಳಗ್ಗೆ ನೋಡಿಕೊಳ್ಳಿ ಅಂತ ಬೀಗದ ಕೈ ವಾಪಸು ಕೊಡಲು ಕೂತಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಬ್ರಷ್ ತೊಳೆದಿಟ್ಟೆ.

ನಿರ್ದೇಶಕರಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. "ಇದರಿಂದ ನಿಮ್ಮ ಮನಸ್ಸಿಗೆ ಸಮಾಧಾನ ಆಗುತ್ತೆ ಅಷ್ಟೇ ಮಾಸ್ಟ್ರೇ. ಅವರಿಗೆ?" ಅಂದರು. ಮಧ್ಯಾಹ್ನದ ಬಸ್ ಹಿಡಿದು ಕನಕಪುರಕ್ಕೆ ಹೋದೆ. ಸೀಟು ಸಿಕ್ಕಿದರೂ ಕೂರುವುದಕ್ಕಾಗಲಿಲ್ಲ.

ಮಗಳ ಮನೆಯ ಅಂಗಳದಲ್ಲಿ ಐದಾರು ಹೆಂಗಸರು ದೊಡ್ಡ ಬೇಸಿನ್ನಿನ ಸುತ್ತ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಯಜಮಾನಿ ನನ್ನನ್ನು ನೋಡಿ, "ಏನ್ ಸ್ವಾಮಿ, ನಾಮಕರ್ಣ ನಾಳೀಕಲ್ವ? ಬನ್ನಿ ಕೂತ್ಕಳಿ," ಅಂದರು. ಪಕ್ಕದಲ್ಲಿ ನೆಲಕ್ಕೇ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ.

"ಅಮ್ಮಾ, ಗೋಡೆಗೆ ನೀರು ಹಾಕಿಬಿಟ್ಟೆ. ಮುಖ ಅರ್ಧ ಕರಗಿಹೋಯ್ತು."

ಅವರ ಬೆರಳು ನಿಲ್ಲಲಿಲ್ಲ. ಒಂದು ಕಾಳು, ಇನ್ನೊಂದು ಕಾಳು, ಸಿಪ್ಪೆ ಈ ಕಡೆ, ಬೇಳೆ ಆ ಕಡೆ.

"ಕಣ್ಣು?"

"ಒಂದು ಹೋಯ್ತು. ಕರುವಿನ ಕಡೆಯದು."

"ಮುಟ್ಬ್ಯಾಡ ಅಂದಿದ್ದೆ ನಿಂಗೆ."

ನೀವು ಹೋಗಿ ನೀನು ಆಗಿತ್ತು. "ಅಂದಿದ್ರಿ," ಅಂದೆ.

"ಗೊತ್ತಾಯ್ತದೆ ನಿಂಗೆ ಅಂತ ಬೀಗ ಕೊಟ್ಟೆ."

ಉಳಿದ ಹೆಂಗಸರು ಕೈ ನಿಲ್ಲಿಸಿ ಕೂತಿದ್ದರು. ಕೊನೆಗೆ ನಾನೇ ಕೇಳಿದೆ: "ಸೆರಗಿನ ಚುಕ್ಕಿ ನೀವಿಟ್ಟಿದ್ದಾ ಅಮ್ಮಾ?"

ಆಗ ಅವರ ಕೈ ನಿಂತಿತು. "ನನ್ ಬೆಳ್ಳು ಹಿಡ್ಕೊಂಡು ಅದ್ದಿ ಅದ್ದಿ ಇಡುಸ್ದ ಆವಯ್ಯ. ನೀರ್ನ ತಂಬಿಗೇನೂ ನಾನೇ ಹಿಡ್ಕೊಂಡಿದ್ದೆ. ಆಗ ನಮ್ಮನೇಲೇ ನೂಲ್ ಬಿಚ್ತಿದ್ರು. ಗೂಡ್ ಬೇಸಿದ್ ನೀರು. 'ಆ ಗಬ್ನಾತದ್ ನೀರ್ನ ಯಾಕೆ ಒಳೀಕ್ ತತ್ತೀಯೆ ಮುಂಡೇದೆ' ಅಂತ ಅವ್ವ ಬೈದ್ಲು." ಒಂದು ಕಾಳು ಎತ್ತಿಕೊಂಡು ಹಿತುಕದೆ ಹಾಗೇ ಹಿಡಿದುಕೊಂಡರು. "ಬೈದಿದ್ ನೆಪ್ಪೈತೆ. ಮಖ ನೆಪ್ಪಿಲ್ಲ ಕಣಪ್ಪ ನಂಗೆ. ಮಖ ಗ್ವಾಡೇಲೇ ಇದ್ದಿದ್ದು."

ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಕೂತೇ ಇದ್ದೆ.

"ಆ ನೀರು ತಂದಿದೀನಿ ಅಮ್ಮಾ. ರಾಮನಗರದಿಂದ. ಬಣ್ಣ ಕಲೆಸಿದ್ದೂ ಆಗಿತ್ತು. ನಾನ್ ತಿದ್ದಲಿಲ್ಲ."

ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಆಗಲೇ. "ಮಡಿಕಂಡಿರು," ಅಂದರು. "ನಾಳೆ ಊಟ ಆದ್ಮೇಲೆ ಬತ್ತೀನಿ. ಅಲ್ಲೀಗಂಟ ಯಾರೂ ಒಳೀಕೋಗ್ಬ್ಯಾಡಿ."

ಭಾನುವಾರ ಬೆಳಗ್ಗೆ ಬಿಸಿಲು ಬಂದು, ಬೀಗ ಹಾಕಿದ ಮನೆಯೊಳಗೆ ಗೋಡೆಯುದ್ದಕ್ಕೂ ಇಳಿದು ಹೋಯಿತು. ಇಡೀ ಯೂನಿಟ್ಟು ಅಂಗಳದಲ್ಲಿ ಕೈಕಟ್ಟಿ ಕೂತಿತ್ತು. ನಿರ್ದೇಶಕರು ನನ್ನ ಜೊತೆ ಮಾತಾಡಲಿಲ್ಲ. ಹುಳದ ಚಿಂತೆಗೆ ನಾಮಕರಣಕ್ಕೂ ಹೋಗದೆ ಉಳಿದಿದ್ದ ಮಗ ಮಾತ್ರ ಎರಡು ಸಲ ಬಂದು, "ಸಂಜೀಗೆ ಖಾಲಿ ತಾನೆ ಸಾರ್?" ಅಂತ ಕೇಳಿಕೊಂಡು ಹೋದರು.

ಮೂರು ಗಂಟೆಗೆ ಯಜಮಾನಿ ಬಂದರು. ಕೈಕಾಲು ತೊಳೆದುಕೊಂಡು, ಸೀರೆ ಬದಲಿಸಿ, ಬಾಗಿಲು ತೆರೆಸಿ ಒಳಗೆ ಹೋದರು. ನಾನು ಹಿಂದೆ ನಿಂತೆ. ಅವರು ಗೋಡೆಯ ಹತ್ತಿರಕ್ಕೆ ಹೋದರು. ಅಳಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತಿದ್ದರು, ಅಷ್ಟೆ. ಆಮೇಲೆ, "ಎಲ್ಲೈತೆ ನೀರು?" ಅಂದರು.

ಆ ಹೊತ್ತಲ್ಲಿ ಒಳಗೆ ಬೆಳಕಿಲ್ಲ. ಹೊರಗೆ ಎರಡು ಥರ್ಮಾಕೋಲ್ ಹಲಗೆ ಓರೆಯಾಗಿ ನಿಲ್ಲಿಸಿ, ಪಡುವಣ ಬಿಸಿಲನ್ನು ಬಾಗಿಲಿನಿಂದ ಗೋಡೆಗೆ ತಿರುಗಿಸಿದೆ. ಬಾಗಿಲ ಹತ್ತಿರ ಬಂದು ನಿಂತ ನಿರ್ದೇಶಕರು ಮೆಲ್ಲಗೆ ಕೇಳಿದರು: "ಅಮ್ಮಾ, ನೀವು ಬರೆಯೋದನ್ನ ಒಂದು ಶಾಟ್ ತಗೊಳ್ಳಬಹುದಾ?"

"ನಮ್ಮವ್ವಂಗೆ ಮಖ ಇಲ್ದೆ ಇರೋವಾಗ ಯಾಕಪ್ಪ ತಗೀತೀರ," ಅಂದರು ಅವರು, ತಿರುಗದೆ. ನಿರ್ದೇಶಕರು ಹಿಂದಕ್ಕೆ ಹೋಗಿ, ಕ್ಯಾಮೆರಾಕ್ಕೆ ತಾವೇ ಬಟ್ಟೆ ಮುಚ್ಚಿದರು.

ಬ್ರಷ್ ಕೊಟ್ಟೆ, ಬೇಡ ಅಂದರು. ನೀರಿನ ಪಾತ್ರೆ, ಮಸಿಯ ಚಿಪ್ಪು ನಾನು ಹಿಡಿದುಕೊಂಡೆ. ಅವರು ತೋರುಬೆರಳು ಅದ್ದಿದರು. ನಾಲ್ಕೈದು ಸಲ ಅದ್ದಿ, ಸುಮ್ಮನೆ ಗೋಡೆಯ ಹತ್ತಿರ ಬೆರಳು ಹಿಡಿದು, ವಾಪಸು ತೆಗೆದರು. ಆರನೆಯ ಸಲ ಇಟ್ಟರು. ಮೇಲಿನ ಗೀಟು ದಪ್ಪವಾಯಿತು, ಕೆಳಗಿನದು ನಡುಗಿತು. ಬೊಟ್ಟು ನಡುವೆ ಕೂರದೆ ಬಾಗಿಲಿನ ಕಡೆಗೆ ಹೋಯಿತು. ಮೊದಲಿದ್ದ ಕಣ್ಣಿಗಿಂತ ಅರ್ಧ ಬೆರಳು ಕೆಳಗೆ. ನನ್ನ ಕೈ ಕಡಿಯುತ್ತಿತ್ತು. ಎರಡೇ ಸಲ ಬ್ರಷ್ ಆಡಿಸಿದರೆ ಸರಿಮಾಡಿಬಿಡಬಹುದಿತ್ತು. ಎರಡು ಕೈಯಲ್ಲೂ ಪಾತ್ರೆ ಇದ್ದದ್ದು ಒಳ್ಳೆಯದೇ ಆಯಿತು.

ಕೆನ್ನೆಗೆ ಕೆಮ್ಮಣ್ಣು ಸವರಿ, ಹಿಂದೆ ಸರಿದು ನೋಡಿದರು.

"ಸರಿಯಾಯ್ತೇನಪ್ಪ?"

"ನನಗೆ ತಿಳಿಯಲ್ಲ ಅಮ್ಮಾ," ಅಂದೆ.

"ನಿಂಗೆಂಗೆ ತಿಳೀತದೆ. ನೀನೇನ್ ನೋಡಿದ್ಯ ನಮ್ಮವ್ವನ್ನ." ಬೆರಳು ಸೀರೆಗೆ ಒರೆಸಿಕೊಂಡರು. "ನಂಗೂ ತಿಳೀದು. ಇರ್ಲಿ ಬುಡು."

ಒಣಗಿದ ಮೇಲೆ ಪರದೆ ಎಳೆದರು. ನಾವು ಸಾಮಾನು ತುಂಬಿಕೊಂಡು ಹೊರಟೆವು. ಸೋಮವಾರ ಬೆಳಗ್ಗೆ ಚಾಕಿ ಬಂತಂತೆ.

ಕೊನೆಯ ಶಾಟನ್ನು ಮುಂದಿನ ತಿಂಗಳು ರಾಮನಗರದ ಒಂದು ಗೋಡೌನಿನಲ್ಲಿ ತೆಗೆದೆವು. ಪ್ಲೈವುಡ್ಡಿನ ನಕಲಿನ ಮುಂದೆ ಕಂಡಕ್ಟರನ್ನು ನಿಲ್ಲಿಸಿ, ಗವಾಕ್ಷಿಯ ಬಿಸಿಲನ್ನು ಲೈಟಿನಲ್ಲೇ ಮಾಡಿದರು. ನೀರು ಹೊಡೆದೆ. ಎನಾಮಲ್ಲು, ಏನೂ ಆಗಲಿಲ್ಲ. ನೋಡಿದವರೆಲ್ಲ ಆ ಮುಖ ಮರೆಯುವುದಕ್ಕಾಗಲ್ಲ ಅಂದರು.

ಸಿನಿಮಾ ಮುಗಿದ ಮೇಲೆ ಮೊದಲು ಆ ಮನೆಯವರಿಗೇ ತೋರಿಸಬೇಕು ಅಂತ ನಿರ್ದೇಶಕರೇ ಹೇಳಿದರು. ಹುಳ ನಾಲ್ಕನೇ ಜ್ವರದಲ್ಲಿದ್ದ ದಿನ ಹೋದೆವು. ಹುಳ ಪೊರೆ ಬಿಡುವ ಮೊದಲು ತಿನ್ನುವುದು ನಿಲ್ಲಿಸಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವ ಕೆಲಸ ಇರುವುದಿಲ್ಲ, ಮನೆಯವರಿಗೆ ಒಂದು ದಿನ ಬಿಡುವು. ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಿಟಕಿಗೆ ಕಂಬಳಿ ಹಾಕಿದೆವು. ಯಜಮಾನಿ ಗೋಡೆಗೊರಗಿ ಕೂತು ಕೊನೇತನಕ ಕಣ್ಣು ಕೀಳದೆ ನೋಡಿದರು.

ಕೊನೆಯ ಶಾಟ್ ಬಂತು. ಬಿಸಿಲು ಇಳಿಯಿತು, ಕಂಡಕ್ಟರು ಸರಿದರು, ಮುಖ ತುಂಬ ಬೆಳಕು. ಎರಡು ಕಣ್ಣೂ ಸಮ, ಮೂರು ಸಲಕ್ಕೆ ಮುಗಿಸಿದವು. ನಾನು ಪರದೆ ನೋಡದೆ ಅವರನ್ನೇ ನೋಡುತ್ತಿದ್ದೆ.

ಅವರು ಸ್ವಲ್ಪ ಮುಂದಕ್ಕೆ ಬಗ್ಗಿ ನೋಡಿದರು.

"ಚೆನ್ನಾಗಿ ಬರ್ದವ್ರೆ," ಅಂದರು. "ಯಾರ ಮನೆ ಹೆಣ್ಮಗ್ಳೋ."

ಆಮೇಲೆ ಹುಳ ಎದ್ದವೇನೋ ನೋಡಿಕೊಂಡು ಬತ್ತೀನಿ ಅಂತ ಎದ್ದು ಹಿಂದಿನ ಮನೆಗೆ ಹೋದರು.